ಸಾಸ್ ಕಲಿಕೆ: ಉದ್ಯೋಗದ ಬಾಗಿಲು, ಬಾಡಿಗೆಯ ಬೀಗದಕೈ

ಪದವಿ ಮುಗಿಸಿದ ಮಕ್ಕಳಿಗೆ ಮುಂದೇನು ಎಂಬ ಪ್ರಶ್ನೆ ಹೊರನಾಡ ಕನ್ನಡಿಗರ ಮನೆಗಳಿಗೆ ಹೊಸದಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಹಿರಿಯರ ಕಾಲಕ್ಕೆ ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಅನ್ನದ ದಾರಿಯಾಗಿದ್ದವು. ಅನಂತರ ಬ್ಯಾಂಕ್ ಪರೀಕ್ಷೆಗಳ ಕಾಲ ಬಂತು. ಅದರ ಬೆನ್ನಿಗೆ ಗಣಕಯಂತ್ರದ ಡಿಪ್ಲೊಮಾಗಳ ಕಾಲ. ಈಗ ಮುಂಬಯಿಯ ಉಪನಗರಗಳಿಂದ ಹೈದರಾಬಾದಿನ ಅಮೀರ್‌ಪೇಟೆಯವರೆಗೆ ಕಂಪ್ಯೂಟರ್ ತರಗತಿಗಳ ಫಲಕಗಳಲ್ಲಿ ಎದ್ದು ಕಾಣುವ ಹೆಸರು 'ಡೇಟಾ ಅನಲಿಟಿಕ್ಸ್', ಅಂದರೆ ದತ್ತಾಂಶ ವಿಶ್ಲೇಷಣೆ. ಬಿ.ಕಾಂ., ಬಿ.ಎಸ್ಸಿ., ಬಿ.ಫಾರ್ಮಾ ಮುಗಿಸಿದವರಿಗೆ ಇಂತಹ ತರಗತಿಗಳಲ್ಲಿ ಕಲಿಸುವ ಸಾಧನಗಳಲ್ಲಿ 'ಸಾಸ್' ಎಂಬ ತಂತ್ರಾಂಶವೂ ಒಂದು.

ಈ ಸಾಸ್ ಎಂದರೇನು, ಅದನ್ನು ಕಲಿಯುವುದು ಎಷ್ಟು ಸುಲಭ, ಕಲಿತ ಮೇಲೆ ಎದುರಾಗುವ ತೊಡಕುಗಳು ಯಾವುವು, ಶುಲ್ಕ ಕಟ್ಟುವ ಮುನ್ನ ಹೆತ್ತವರು ಏನನ್ನು ವಿಚಾರಿಸಬೇಕು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಹೊಲದಿಂದ ಬ್ಯಾಂಕಿನವರೆಗೆ

ಸಾಸ್ ಹುಟ್ಟಿದ್ದು ಬ್ಯಾಂಕಿಗಾಗಿ ಅಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1966ರ ಸುಮಾರಿಗೆ ಕೃಷಿ ಪ್ರಯೋಗಗಳ ಅಂಕಿಅಂಶಗಳನ್ನು ಲೆಕ್ಕ ಹಾಕಲು ಈ ತಂತ್ರಾಂಶದ ಕೆಲಸ ಆರಂಭವಾಯಿತು. ಅದಕ್ಕೆ ಸರಕಾರಿ ಅನುದಾನದ ಬೆಂಬಲವೂ ಇತ್ತು. 1976ರಲ್ಲಿ ಆಂಥೊನಿ ಬಾರ್, ಜೇಮ್ಸ್ ಗುಡ್‌ನೈಟ್, ಜಾನ್ ಸಾಲ್ ಮತ್ತು ಜೇನ್ ಹೆಲ್ವಿಗ್ ಎಂಬ ನಾಲ್ವರು ಸೇರಿ ಸಾಸ್ ಇನ್‌ಸ್ಟಿಟ್ಯೂಟ್ ಎಂಬ ಕಂಪೆನಿಯನ್ನು ಕಟ್ಟಿದರು. ನಾರ್ತ್ ಕೆರೊಲಿನಾದ ಕ್ಯಾರಿ ಎಂಬ ಊರಿನಲ್ಲಿ ಅದರ ಪ್ರಧಾನ ಕಚೇರಿ. ಷೇರುಪೇಟೆಗೆ ಬಾರದೆ, ಸ್ಥಾಪಕರ ಒಡೆತನದಲ್ಲಿಯೇ ಅದು ದಶಕಗಳ ಕಾಲ ಬೆಳೆಯಿತು. ನಮ್ಮ ಪುಣೆಯಲ್ಲಿಯೂ ಅದರ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವಿದೆ.

ಈ ತಂತ್ರಾಂಶ ಎರಡು ಕ್ಷೇತ್ರಗಳಲ್ಲಿ ಆಳವಾಗಿ ಬೇರೂರಿತು. ಮೊದಲನೆಯದು ಔಷಧೋದ್ಯಮ. ಹೊಸ ಔಷಧದ ಪ್ರಯೋಗ ಫಲಿತಾಂಶಗಳನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಸಲ್ಲಿಸುವಾಗ ದತ್ತಾಂಶವನ್ನು ಸಾಸ್ ಕಂಪೆನಿಯೇ ರೂಪಿಸಿ ವಿವರ ಪ್ರಕಟಿಸಿದ ಒಂದು ಕಡತ ಮಾದರಿಯಲ್ಲಿ ಕೊಡುವುದು ರೂಢಿಯಾಯಿತು. ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ 'ಕ್ಲಿನಿಕಲ್ ಸಾಸ್' ಎಂಬ ಹೆಸರಿನ ಉದ್ಯೋಗಗಳು ಬೆಳೆದದ್ದು ಈ ಹಿನ್ನೆಲೆಯಲ್ಲಿ. ಎರಡನೆಯದು ಬ್ಯಾಂಕಿಂಗ್. 2004ರಲ್ಲಿ ಪ್ರಕಟವಾದ ಬಾಸೆಲ್-2 ಒಪ್ಪಂದವು ಸಾಲ ಮುಳುಗುವ ಸಂಭವವನ್ನು ಅಂಕೆಗಳಲ್ಲಿ ಅಂದಾಜು ಮಾಡುವ ಪದ್ಧತಿಗೆ ಜಗತ್ತಿನ ಬ್ಯಾಂಕುಗಳನ್ನು ಪ್ರೇರೇಪಿಸಿತು. ಲಕ್ಷಾಂತರ ಖಾತೆಗಳ ಹಲವು ವರ್ಷಗಳ ವಿವರವನ್ನು ಒಟ್ಟಿಗೆ ಸಂಸ್ಕರಿಸಬಲ್ಲ ಸಾಧನವಾಗಿ ದೊಡ್ಡ ಬ್ಯಾಂಕುಗಳು ಸಾಸ್ ಅನ್ನು ಆರಿಸಿಕೊಂಡವು.

ಆದರೆ ಗಮನಿಸಬೇಕಾದ ಅಂಶವೊಂದಿದೆ. ಬಾಸೆಲ್ ನಿಯಮಗಳು ಯಾವ ತಂತ್ರಾಂಶದ ಹೆಸರನ್ನೂ ಹೇಳುವುದಿಲ್ಲ. ಅಮೆರಿಕದ ಔಷಧ ಆಡಳಿತವೂ ತಾನು ಯಾವುದೇ ನಿರ್ದಿಷ್ಟ ಸಂಖ್ಯಾಶಾಸ್ತ್ರೀಯ ತಂತ್ರಾಂಶವನ್ನು ಕಡ್ಡಾಯ ಮಾಡಿಲ್ಲವೆಂದು 2015ರಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಸಾಸ್ ಬಳಕೆಯ ಹಿಂದಿರುವುದು ಕಾನೂನಲ್ಲ, ರೂಢಿ. ರೂಢಿ ಬಲವಾದುದೇ, ಆದರೆ ಅದು ಬದಲಾಗುತ್ತದೆ ಎಂಬುದನ್ನು ಉದ್ಯೋಗಾಕಾಂಕ್ಷಿಗಳು ಮರೆಯಬಾರದು.

ಕಲಿಯಲು ಕಷ್ಟವಲ್ಲ

ಸಾಸ್ ಕಲಿಯಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಕಲಾ ವಿಭಾಗದಿಂದ ಬ್ಯಾಂಕಿಗೆ ಬಂದ ನನ್ನಂಥವರೂ ಕೆಲವು ವಾರಗಳ ಅಭ್ಯಾಸದಿಂದ ಅದರ ಮೊದಲ ಪಾಠಗಳನ್ನು ದಾಟಬಹುದು. ಅದರ ಕ್ರಮವಿಧಿಗೆ ಎರಡೇ ಬಗೆಯ ಭಾಗಗಳು. ಮೊದಲನೆಯದು 'ಡೇಟಾ ಸ್ಟೆಪ್': ಕಚ್ಚಾ ಅಂಕಿಅಂಶಗಳನ್ನು ಓದಿ, ಶುದ್ಧಪಡಿಸಿ, ಸಾಲುಗಳಾಗಿ ಜೋಡಿಸುವ ಭಾಗ. ಎರಡನೆಯದು 'ಪ್ರಾಕ್ ಸ್ಟೆಪ್': ಮೊದಲೇ ಸಿದ್ಧವಾಗಿರುವ ವಿಧಾನಗಳನ್ನು ಹೆಸರು ಹಿಡಿದು ಕರೆದು ಕೆಲಸ ಮಾಡಿಸುವ ಭಾಗ. 'ಪ್ರಾಕ್ ಸಾರ್ಟ್' ಎಂದರೆ ಕ್ರಮವಾಗಿ ಜೋಡಿಸು, 'ಪ್ರಾಕ್ ಮೀನ್ಸ್' ಎಂದರೆ ಸರಾಸರಿ ತೆಗೆ, 'ಪ್ರಾಕ್ ಫ್ರೀಕ್' ಎಂದರೆ ಎಷ್ಟೆಷ್ಟು ಸಲ ಬಂದಿದೆ ಎಂದು ಎಣಿಸು. ಲೆಡ್ಜರಿನ ಪುಟವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ನೋಡುತ್ತ ಹೋಗುವ ಗುಮಾಸ್ತನಂತೆ ಡೇಟಾ ಸ್ಟೆಪ್ ಒಂದೊಂದೇ ಸಾಲನ್ನು ಓದಿ, ಕೆಲಸ ಮುಗಿಸಿ, ಮುಂದಿನ ಸಾಲಿಗೆ ಹೋಗುತ್ತದೆ. ಈ ಕಾರಣದಿಂದಲೇ ಗಣಕಯಂತ್ರದ ಸ್ಮೃತಿಗೆ ಹಿಡಿಸದಷ್ಟು ದೊಡ್ಡ ಕಡತವನ್ನೂ ಅದು ನಿಭಾಯಿಸುತ್ತದೆ.

ಇನ್ನೂ ಕೆಲವು ಗುಣಗಳನ್ನು ಒಪ್ಪಿಕೊಳ್ಳಲೇಬೇಕು. ಇಪ್ಪತ್ತು ವರ್ಷಗಳ ಹಿಂದೆ ಬರೆದ ಕ್ರಮವಿಧಿ ಬಹುಮಟ್ಟಿಗೆ ಇಂದಿಗೂ ಓಡುತ್ತದೆ. ವಿವರಣ ಗ್ರಂಥಗಳು ಅಚ್ಚುಕಟ್ಟಾಗಿವೆ. ತೊಂದರೆ ಬಂದರೆ ಉತ್ತರ ಹೇಳಲು ಒಂದು ಕಂಪೆನಿ ಇದೆ. ಲೆಕ್ಕ ಪರಿಶೋಧಕರ ಎದುರು ನಿಲ್ಲಬೇಕಾದ ಬ್ಯಾಂಕಿಗೆ ಇವು ಸಣ್ಣ ಅನುಕೂಲಗಳಲ್ಲ.

ಮೌನವಾಗಿ ಆಗುವ ತಪ್ಪುಗಳು

ತೊಡಕು ಆರಂಭವಾಗುವುದು ಮೊದಲ ಪಾಠಗಳ ನಂತರ. ಪ್ರತಿ ಆದೇಶದ ಕೊನೆಗೆ ಅರ್ಧವಿರಾಮ ಚಿಹ್ನೆ ಬೇಕು. ಒಂದು ಬಿಟ್ಟುಹೋದರೆ ಎರಡು ಆದೇಶಗಳು ಬೆಸೆದುಕೊಳ್ಳುತ್ತವೆ. ಇದು ಕಿರಿಕಿರಿ ಮಾತ್ರ, ಅಪಾಯವಲ್ಲ. ಏಕೆಂದರೆ ಸಾಮಾನ್ಯವಾಗಿ ತಂತ್ರಾಂಶವೇ ಕೆಂಪು ಅಕ್ಷರಗಳಲ್ಲಿ ತಪ್ಪನ್ನು ತೋರಿಸುತ್ತದೆ. ನಿಜವಾದ ಅಪಾಯವಿರುವುದು ಕೆಂಪು ಅಕ್ಷರ ಮೂಡದ ತಪ್ಪುಗಳಲ್ಲಿ.

ಬ್ಯಾಂಕಿನದೇ ಉದಾಹರಣೆ ತೆಗೆದುಕೊಳ್ಳೋಣ. ಅಸಲು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿಯಾದ ಸಾಲವನ್ನು ಅನುತ್ಪಾದಕ ಆಸ್ತಿ ಎಂದು ವರ್ಗೀಕರಿಸಬೇಕೆಂಬುದು 2004ರ ಮಾರ್ಚಿನಿಂದ ನಮ್ಮಲ್ಲಿ ಜಾರಿಯಲ್ಲಿರುವ ನಿಯಮ. 'ಬಾಕಿಯ ದಿನಗಳು 90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಲವನ್ನು ಉತ್ತಮ ಎಂದು ಗುರುತಿಸು' ಎಂದು ಒಬ್ಬ ತರುಣ ಸಾಸ್‌ನಲ್ಲಿ ಬರೆಯುತ್ತಾನೆ ಎನ್ನೋಣ. ಕೆಲವು ಖಾತೆಗಳಲ್ಲಿ ಬಾಕಿಯ ದಿನಗಳೇ ದಾಖಲಾಗಿಲ್ಲ. ಆ ಜಾಗ ಖಾಲಿ. ಸಾಸ್‌ನ ನಿಯಮದ ಪ್ರಕಾರ ಖಾಲಿ ಜಾಗವು ಯಾವುದೇ ಸಂಖ್ಯೆಗಿಂತಲೂ ಚಿಕ್ಕದು. ಆದುದರಿಂದ ವಿವರವೇ ಇಲ್ಲದ ಖಾತೆಗಳೆಲ್ಲ ಉತ್ತಮ ಸಾಲಗಳ ಪಟ್ಟಿಗೆ ಸೇರುತ್ತವೆ! ಯಾವ ಎಚ್ಚರಿಕೆಯೂ ಬರುವುದಿಲ್ಲ.

ಇದಕ್ಕಿಂತಲೂ ಕೆಟ್ಟದ್ದು ಆಗಬಹುದು. ಅದೇ ಆದೇಶದಲ್ಲಿ ಬಾಕಿಯ ದಿನಗಳ ಅಂಕಣದ ಹೆಸರನ್ನು ಬರೆಯುವಾಗ ಒಂದು ಅಕ್ಷರ ತಪ್ಪಿದರೆ, ಸಾಸ್ ಕೆಲಸವನ್ನು ನಿಲ್ಲಿಸುವುದಿಲ್ಲ. ಆ ತಪ್ಪು ಹೆಸರಿನ ಹೊಸ ಅಂಕಣವೊಂದನ್ನು ತಾನೇ ಸೃಷ್ಟಿಸಿ, ಅದನ್ನು ಪೂರ್ತಿ ಖಾಲಿ ಬಿಟ್ಟು, ಮುಂದೆ ಸಾಗುತ್ತದೆ. ಆಗ ಎಲ್ಲ ಸಾಲಗಳೂ ಉತ್ತಮವೇ. ಈ ಅಂಕಣಕ್ಕೆ ಬೆಲೆ ಕೊಟ್ಟಿಲ್ಲವೆಂಬ ಒಂದು ಸಾಲು 'ಲಾಗ್' ಎಂಬ ವರದಿಯಲ್ಲಿ ನೀಲಿ ಅಕ್ಷರದ ಟಿಪ್ಪಣಿಯಾಗಿ ಮೂಡುತ್ತದೆ. ಸಾವಿರಾರು ಸಾಲುಗಳ ಲಾಗ್‌ನಲ್ಲಿ ನೀಲಿ ಟಿಪ್ಪಣಿಯನ್ನು ಓದುವವರು ಎಷ್ಟು ಮಂದಿ? ತರಗತಿಯಲ್ಲಿ ಕ್ರಮವಿಧಿ ಬರೆಯುವುದನ್ನು ಕಲಿಸುವ ಹಾಗೆ ಲಾಗ್ ಓದುವುದನ್ನೂ ಕಲಿಸಬೇಕು. ಕಲಿಸದಿದ್ದರೆ ವಿದ್ಯಾರ್ಥಿ ಪುಸ್ತಕದ ಬದನೆಕಾಯಿಯನ್ನಷ್ಟೇ ಹಿಡಿದು ಹೊರಬರುತ್ತಾನೆ.

ದಿನಾಂಕಗಳ ಲೆಕ್ಕವೂ ಹೀಗೆಯೇ. ಸಾಸ್‌ನ ಕಾಲಗಣನೆ 1960ರ ಜನವರಿ 1ರಿಂದ ಆರಂಭ. ಆ ದಿನ ಸೊನ್ನೆ. ಅದಕ್ಕೆ ಹಿಂದಿನ ದಿನಗಳೆಲ್ಲ ಋಣಸಂಖ್ಯೆಗಳು. ನಮ್ಮ ರಾಜ್ಯ ಉದಯವಾದ 1956ರ ನವೆಂಬರ್ 1 ಸಾಸ್‌ನ ಪಾಲಿಗೆ ಮೈನಸ್ 1156. ಒಳಗಿನ ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ 01/11 ಎಂಬುದನ್ನು ಅಮೆರಿಕದ ಪದ್ಧತಿಯಲ್ಲಿ ಓದಲು ಹೇಳಿದರೆ ರಾಜ್ಯೋತ್ಸವವು ಜನವರಿ 11ಕ್ಕೆ ಹೋಗುತ್ತದೆ. ಇಸವಿಯನ್ನು ಎರಡೇ ಅಂಕೆಗಳಲ್ಲಿ ಬರೆದಿದ್ದರೆ ಇನ್ನೊಂದು ಗೊಂದಲ. ಸಾಸ್ 9.4 ಆವೃತ್ತಿಯು ತಾನಾಗಿ ಅದನ್ನು 1926ರಿಂದ 2025ರೊಳಗಿನ ಇಸವಿಯೆಂದು ಭಾವಿಸುತ್ತದೆ. 1925ರಲ್ಲಿ ಹುಟ್ಟಿದ ಪಿಂಚಣಿದಾರರು ಹಳೆಯ ದಾಖಲೆಯಲ್ಲಿ '25' ಎಂದಿದ್ದರೆ 2025ರ ಶಿಶುವಾಗುತ್ತಾರೆ!

ನಮ್ಮ ಲಕ್ಷ, ಕೋಟಿ, ನಮ್ಮ ಲಿಪಿ

ಅಮೆರಿಕದಲ್ಲಿ ಹುಟ್ಟಿದ ಸಾಧನ ಅಲ್ಲಿನ ಅಭ್ಯಾಸಗಳನ್ನೇ ಹೊತ್ತು ಬರುವುದು ಸಹಜ. ಸಾಸ್‌ನ ಸಾಮಾನ್ಯ ಅಲ್ಪವಿರಾಮದ ವಿನ್ಯಾಸವು ಮೂರು ಮೂರು ಅಂಕೆಗಳಿಗೆ ಗುರುತು ಹಾಕುತ್ತದೆ. ಒಂದು ಕೋಟಿಯನ್ನು 1,00,00,000 ಎಂದು ತೋರಿಸಬೇಕಾದರೆ ಬೇರೆಯೇ ವಿನ್ಯಾಸವನ್ನು ನಾವು ಬರೆದುಕೊಳ್ಳಬೇಕು. ಖಾತೆಯ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಓದಿಸಿದರೆ ಮುಂದಿನ ಸೊನ್ನೆಗಳು ಹೋಗುತ್ತವೆ. ಹದಿನೇಳು, ಹದಿನೆಂಟು ಅಂಕೆಗಳ ಗುರುತುಸಂಖ್ಯೆಯಾದರೆ ಕೊನೆಯ ಅಂಕೆಗಳೇ ಬದಲಾಗಬಹುದು. ಅಂತಹವನ್ನು ಅಕ್ಷರಗಳಾಗಿ ಓದಿಸಬೇಕೆಂಬುದು ಅನುಭವಿಗಳಿಗೆ ಗೊತ್ತು, ಹೊಸಬರಿಗೆ ಗೊತ್ತಿರುವುದಿಲ್ಲ.

ಕನ್ನಡ ಲಿಪಿಯ ವಿಷಯ ಇನ್ನೂ ಕುತೂಹಲಕರ. ಸಾಸ್‌ನಲ್ಲಿ ಅಕ್ಷರಗಳ ಅಂಕಣಕ್ಕೆ ಇಷ್ಟು ಬೈಟ್ ಉದ್ದ ಎಂದು ಮೊದಲೇ ನಿಗದಿಯಾಗುತ್ತದೆ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೆ ಮೂರು ಬೇಕು. 'ಬೆಂಗಳೂರು' ಎಂಬ ಪದದಲ್ಲಿ ಗುಣಿತ ಚಿಹ್ನೆ, ಅನುಸ್ವಾರಗಳೂ ಸೇರಿ ಎಂಟು ಚಿಹ್ನೆಗಳು, ಅಂದರೆ 24 ಬೈಟ್‌ಗಳು. ಊರಿನ ಹೆಸರಿಗೆ 20 ಬೈಟ್‌ಗಳ ಅಂಕಣ ಮಾಡಿದ್ದರೆ ಬೆಂಗಳೂರು ಅದರಲ್ಲಿ ಹಿಡಿಸದು, ಬಾಲ ಕತ್ತರಿಸಿಹೋಗುತ್ತದೆ. ಅದೂ ಯೂನಿಕೋಡ್ ವಿಧಾನದಲ್ಲಿ ತಂತ್ರಾಂಶವನ್ನು ತೆರೆದಾಗಿನ ಮಾತು. ವಿಂಡೋಸ್‌ನಲ್ಲಿ ಸಾಸ್ 9.4ರ ಸಾಮಾನ್ಯ ಇಂಗ್ಲಿಷ್ ವಿಧಾನ ಪಶ್ಚಿಮ ಯುರೋಪಿನ ಲಿಪಿಗಳಿಗೆ ಮಾಡಿದ್ದು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಅನಂತರ ಬಂದ 'ವೈಯಾ' ಎಂಬ ವ್ಯವಸ್ಥೆ ಯೂನಿಕೋಡ್ ಮೇಲೆಯೇ ನಿಂತಿದೆ ಎಂಬುದು ಸಮಾಧಾನದ ಸಂಗತಿ.

ಬಾಡಿಗೆಯ ವಿದ್ಯೆ

ಇದುವರೆಗೆ ಹೇಳಿದ ತೊಡಕುಗಳು ಅಭ್ಯಾಸದಿಂದ ನಿವಾರಣೆಯಾಗುವಂಥವು. ಅಭ್ಯಾಸದಿಂದ ನಿವಾರಣೆಯಾಗದ ತೊಡಕು ಒಂದಿದೆ. ಅದು ಒಡೆತನದ್ದು.

ಸಾಸ್ ಅನ್ನು ಪುಸ್ತಕದಂತೆ ಒಮ್ಮೆ ಕೊಂಡು ಕಪಾಟಿನಲ್ಲಿ ಇಟ್ಟುಕೊಳ್ಳಲಾಗದು. ಅದರ ಪರವಾನಗಿ ಸಾಮಾನ್ಯವಾಗಿ ವಾರ್ಷಿಕ. ಮುಂಬಯಿಯಲ್ಲಿ 'ಲೀವ್ ಅಂಡ್ ಲೈಸೆನ್ಸ್' ಕರಾರಿನ ಮೇಲೆ ಮನೆ ಹಿಡಿದವರಿಗೆ ಇದು ಬೇಗ ಅರ್ಥವಾದೀತು. ಹನ್ನೊಂದು ತಿಂಗಳು ಮುಗಿದ ಮೇಲೆ ಕರಾರು ನವೀಕರಿಸದಿದ್ದರೆ ಮನೆ ಬಿಡಬೇಕು. ಗೋಡೆಗೆ ನಾವೇ ಬಣ್ಣ ಹೊಡೆಸಿದ್ದೇವೆ ಎಂಬ ಮಾತು ನಡೆಯದು. ಹಾಗೆಯೇ ಪರವಾನಗಿಯ ಅವಧಿ ಮುಗಿದರೆ ನಾವು ಬರೆದ ಕ್ರಮವಿಧಿ ನಮ್ಮ ಬಳಿಯೇ ಇರುತ್ತದೆ, ಆದರೆ ಓಡುವುದಿಲ್ಲ. ಸಂಸ್ಥೆಗಳಿಗೆ ಇದು ದೊಡ್ಡ ಖರ್ಚು. ಮನೆಯಲ್ಲಿ ಕುಳಿತು ಕಲಿಯುವ ವಿದ್ಯಾರ್ಥಿಗೆ ಕೈಗೆಟುಕದ ವ್ಯವಹಾರ.

ಕಲಿಯುವವರಿಗೆ ಕಂಪೆನಿ ಏನೂ ಮಾಡಿಲ್ಲವೆಂದಲ್ಲ. 2014ರಲ್ಲಿ ಸ್ವಂತ ಗಣಕಯಂತ್ರದಲ್ಲಿ ಉಚಿತವಾಗಿ ಬಳಸಬಹುದಾದ 'ಯೂನಿವರ್ಸಿಟಿ ಎಡಿಶನ್' ಅನ್ನು ಬಿಡುಗಡೆ ಮಾಡಿತು. ಆದರೆ 2021ರಲ್ಲಿ ಅದನ್ನು ನಿಲ್ಲಿಸಿತು. ಹಳೆಯ ಪ್ರತಿ ಇದ್ದವರೂ ಬಳಸುವಂತಿರಲಿಲ್ಲ. ಅದರ ಜಾಗದಲ್ಲಿರುವ 'ಆನ್‌ಡಿಮಾಂಡ್ ಫಾರ್ ಅಕಾಡೆಮಿಕ್ಸ್' ಉಚಿತವೇ. ಆದರೆ ಅಂತರ್ಜಾಲದ ಮೂಲಕ ಕಂಪೆನಿಯ ಗಣಕಯಂತ್ರದಲ್ಲಿಯೇ ಅಭ್ಯಾಸ ಮಾಡಬೇಕು, ಅದೂ ಕಲಿಕೆಗೆ ಮಾತ್ರ. ಅದರಲ್ಲಿ ಕಲಿತು, ಮನೆಯಿಂದಲೇ ನಾಲ್ಕು ಅಂಗಡಿಗಳ ಲೆಕ್ಕ ವಿಶ್ಲೇಷಿಸಿ ಸಂಪಾದಿಸುತ್ತೇನೆ ಎಂದರೆ ಅವಕಾಶವಿಲ್ಲ.

ಕಲಿಕೆಯ ಪ್ರತಿಯ ಷರತ್ತು ಎಷ್ಟು ಗಂಭೀರ ಎಂಬುದಕ್ಕೆ ಒಂದು ದೊಡ್ಡ ವ್ಯಾಜ್ಯವೇ ಸಾಕ್ಷಿ. ವರ್ಲ್ಡ್ ಪ್ರೋಗ್ರಾಮಿಂಗ್ ಎಂಬ ಇಂಗ್ಲೆಂಡಿನ ಕಂಪೆನಿಯು ಸಾಸ್ ಭಾಷೆಯ ಕ್ರಮವಿಧಿಗಳನ್ನು ಓಡಿಸಬಲ್ಲ ತನ್ನದೇ ತಂತ್ರಾಂಶವನ್ನು ರಚಿಸಿತು. ಅದಕ್ಕಾಗಿ ಅದು ಅಧ್ಯಯನ ಮಾಡಿದ್ದು ಸಾಸ್‌ನ ಕಲಿಕೆಯ ಆವೃತ್ತಿಯನ್ನು ಕೊಂಡು. ಸಾಸ್ ಕಂಪೆನಿ ನ್ಯಾಯಾಲಯಕ್ಕೆ ಹೋಯಿತು. ಕ್ರಮವಿಧಿಯ ಭಾಷೆಗೂ ಅದರ ಕಾರ್ಯರೀತಿಗೂ ಕೃತಿಸ್ವಾಮ್ಯದ ರಕ್ಷಣೆ ಇಲ್ಲವೆಂದು ಐರೋಪ್ಯ ನ್ಯಾಯಾಲಯ 2012ರ ಮೇ 2ರಂದು ತೀರ್ಪಿತ್ತಿತು. ಆದರೆ ಅಮೆರಿಕದಲ್ಲಿ, ಪರವಾನಗಿ ಪಡೆಯುವಾಗ ವಂಚನೆ ನಡೆಯಿತೆಂಬ ಆರೋಪದ ಮೇಲೆ, 2015ರಲ್ಲಿ ಜ್ಯೂರಿ ಸಾಸ್ ಪರವಾಗಿ ನಿಂತಿತು. ಮೂರು ಪಟ್ಟು ಹೆಚ್ಚಿಸಿದ ಪರಿಹಾರದ ಮೊತ್ತ ಸುಮಾರು 7.9 ಕೋಟಿ ಡಾಲರ್. ಅಲ್ಲಿ ಹೂಡಿದ ಇನ್ನೊಂದು ಕೃತಿಸ್ವಾಮ್ಯದ ದಾವೆಯಲ್ಲಿ ಸಾಸ್ ಸೋತದ್ದನ್ನು ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿಯಿತು. ನಮ್ಮ ಮಕ್ಕಳಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಭಾಷೆ ಯಾರದೂ ಅಲ್ಲದಿರಬಹುದು, ಆದರೆ ಕೈಯಲ್ಲಿರುವ ಪ್ರತಿ ಕಂಪೆನಿಯದು, ಷರತ್ತುಗಳೂ ಕಂಪೆನಿಯವು.

ಇಲ್ಲಿ ಇನ್ನೊಂದು ಹೋಲಿಕೆ ನೆನಪಾಗುತ್ತದೆ. ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ, ಮನೆಮಾತು ತೆಲುಗಾದ ಸಿ.ಆರ್. ರಾವ್ 1945ರಲ್ಲಿ ಕೋಲ್ಕತಾದ ಗಣಿತ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿನ ಸೂತ್ರಗಳು ಇಂದು ಜಗತ್ತಿನಾದ್ಯಂತ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಪಾಠ. ಅದಕ್ಕಾಗಿ ಯಾರೂ ಯಾರಿಗೂ ವಾರ್ಷಿಕ ಶುಲ್ಕ ಕಟ್ಟುವುದಿಲ್ಲ. ವಿಧಾನ ಸಾರ್ವಜನಿಕ, ಸಾಧನ ಖಾಸಗಿ. ಶುಲ್ಕ ಕಟ್ಟಿ ಕಲಿಯಲು ಹೊರಟವರು ಮೊದಲು ಯಾವುದನ್ನು ಕಲಿಯಬೇಕು ಎಂಬುದಕ್ಕೆ ಉತ್ತರ ಇದರಲ್ಲಿದೆ.

ಉಚಿತ ಸಾಧನಗಳ ಸ್ಪರ್ಧೆ

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಆರಂಭಿಸಿದ 'ಆರ್' ಎಂಬ ಭಾಷೆಯ ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರವರಿ 29ರಂದು ಹೊರಬಂತು. ಪೈಥಾನ್ ಭಾಷೆಗೆ 'ಪಾಂಡಾಸ್' ಎಂಬ ದತ್ತಾಂಶ ಗ್ರಂಥಾಲಯ 2008ರ ನಂತರ ಬೆಳೆಯಿತು. ಎರಡೂ ಉಚಿತ, ಸ್ವಂತ ಗಣಕಯಂತ್ರದಲ್ಲಿ ಶಾಶ್ವತವಾಗಿ ಇರುತ್ತವೆ, ಅವುಗಳಿಂದ ಸಂಪಾದಿಸಲೂ ಅಡ್ಡಿಯಿಲ್ಲ. ವಿಶ್ವವಿದ್ಯಾಲಯಗಳು ಇವುಗಳತ್ತ ತಿರುಗಿವೆ. ಔಷಧ ಕ್ಷೇತ್ರದಲ್ಲಿಯೂ 2021ರಿಂದ ಆರ್ ಬಳಸಿದ ಪ್ರಾಯೋಗಿಕ ಸಲ್ಲಿಕೆಗಳು ನಡೆದಿವೆ. ಸಾಸ್ ಕಂಪೆನಿಯೇ ತನ್ನ ಹೊಸ ವ್ಯವಸ್ಥೆಯಲ್ಲಿ ಪೈಥಾನ್‌ಗೆ ಬಾಗಿಲು ತೆರೆದಿದೆ.

ಹಾಗೆಂದು ಸಾಸ್ ನಾಳೆಯೇ ಮರೆಯಾಗುವುದೆಂದು ಭಾವಿಸುವುದು ತಪ್ಪು. ದಶಕಗಳಿಂದ ಬರೆದಿಟ್ಟ ಕ್ರಮವಿಧಿಗಳನ್ನು ಬ್ಯಾಂಕುಗಳು ಒಂದೇ ದಿನದಲ್ಲಿ ಬಿಸಾಡಲಾರವು. ಅವನ್ನು ಬೇರೆ ಭಾಷೆಗೆ ವರ್ಗಾಯಿಸುವ ಕೆಲಸಕ್ಕೂ ಸಾಸ್ ಬಲ್ಲವರೇ ಬೇಕು. ಕೃತಕ ಬುದ್ಧಿಮತ್ತೆಯ ಸಾಧನಗಳು ಈ ಅನುವಾದವನ್ನು ನಿಮಿಷದಲ್ಲಿ ಮಾಡಿಕೊಡುತ್ತವೆ ಎಂಬ ಮಾತು ಕೇಳಿಬರುತ್ತಿದೆ. ಆದರೆ ಮೇಲೆ ಹೇಳಿದ ಖಾಲಿ ಜಾಗದ ಉದಾಹರಣೆಯನ್ನು ಮತ್ತೆ ನೋಡಿ. 'ಖಾಲಿ ಜಾಗವು 90ಕ್ಕಿಂತ ಕಡಿಮೆಯೇ?' ಎಂದು ಕೇಳಿದರೆ ಸಾಸ್ 'ಹೌದು' ಎನ್ನುತ್ತದೆ, ಪಾಂಡಾಸ್ ಸಾಮಾನ್ಯವಾಗಿ 'ಅಲ್ಲ' ಎನ್ನುತ್ತದೆ, ಆರ್ 'ತಿಳಿಯದು' ಎನ್ನುತ್ತದೆ. ಪದಕ್ಕೆ ಪದ ಅನುವಾದಿಸಿದರೆ ಅದೇ ಸಾಲಗಳ ಪಟ್ಟಿ ಮೂರು ಕಡೆ ಮೂರು ಬಗೆಯಾಗುತ್ತದೆ. ಯಾವುದು ಸರಿ ಎಂದು ಹೇಳಬಲ್ಲವನು ಸಾಲದ ವರ್ಗೀಕರಣದ ನಿಯಮವನ್ನು ತಿಳಿದವನು, ಭಾಷೆಯನ್ನಷ್ಟೇ ಕಲಿತವನಲ್ಲ.

ಹೆತ್ತವರು ವಿಚಾರಿಸಬೇಕಾದದ್ದು

ತರಗತಿಗೆ ಸೇರಿಸುವ ಮುನ್ನ ನಾಲ್ಕು ವಿಷಯಗಳನ್ನು ಕೇಳಿ ತಿಳಿಯುವುದು ಒಳ್ಳೆಯದು.

ಒಂದು: ಅಭ್ಯಾಸಕ್ಕೆ ಕೊಡುವ ತಂತ್ರಾಂಶ ಅಧಿಕೃತವೇ? ಉಚಿತ ಅಧಿಕೃತ ಸೌಲಭ್ಯ ಇರುವಾಗ ಕದ್ದ ಪ್ರತಿಯಲ್ಲಿ ಕಲಿಯುವ ಅಗತ್ಯವಿಲ್ಲ.

ಎರಡು: ಪಾಠಕ್ರಮದಲ್ಲಿ ಸಂಖ್ಯಾಶಾಸ್ತ್ರಕ್ಕೆ ಎಷ್ಟು ಸಮಯವಿದೆ? ಸರಾಸರಿ, ವಿಚಲನೆ, ಸಂಭವನೀಯತೆಗಳನ್ನು ತಿಳಿಯದೆ ಪ್ರಾಕ್‌ಗಳ ಹೆಸರನ್ನಷ್ಟೇ ಬಾಯಿಪಾಠ ಮಾಡಿದರೆ ಸಂದರ್ಶನದ ಎರಡನೆಯ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಮೂರು: ಎಸ್‌ಕ್ಯೂಎಲ್ ಕಲಿಸುತ್ತಾರೆಯೇ? ಸಾಸ್‌ನೊಳಗೆ 'ಪ್ರಾಕ್ ಎಸ್‌ಕ್ಯೂಎಲ್' ಎಂಬ ಭಾಗವಿದೆ. ಅದನ್ನು ಚೆನ್ನಾಗಿ ಕಲಿತವರಿಗೆ ಸಾಸ್ ಇಲ್ಲದ ಸಂಸ್ಥೆಯಲ್ಲಿಯೂ ಕೆಲಸಕ್ಕೆ ಬರುತ್ತದೆ. ಏಕೆಂದರೆ ಅದು ಬಹುಪಾಲು ದತ್ತಸಂಚಯಗಳಿಗೆ ಸಮಾನವಾದ ಭಾಷೆ.

ನಾಲ್ಕು: ಕೊಡುವ ಪ್ರಮಾಣಪತ್ರ ಯಾರದು? ತರಗತಿ ನಡೆಸುವವರ ಪ್ರಮಾಣಪತ್ರ ಬೇರೆ, ಸಾಸ್ ಕಂಪೆನಿಯ ಪರೀಕ್ಷೆ ಬರೆದು ಪಡೆಯುವ ಪ್ರಮಾಣಪತ್ರ ಬೇರೆ. ಎರಡಕ್ಕೂ ಒಂದೇ ಬೆಲೆ ಇಲ್ಲ.

ಔಷಧ ಕ್ಷೇತ್ರಕ್ಕೋ ಬ್ಯಾಂಕಿನ ಅಪಾಯ ನಿರ್ವಹಣೆಯ ವಿಭಾಗಕ್ಕೋ ಹೋಗಬಯಸುವವರಿಗೆ ಸಾಸ್ ಇಂದಿಗೂ ಉಪಯುಕ್ತ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೊಂದನ್ನೇ ನಂಬಿ ಮನೆಯ ಉಳಿತಾಯವನ್ನು ಸುರಿಯುವುದು ವಿವೇಕವಲ್ಲ. ಮೊದಲು ಸಂಖ್ಯಾಶಾಸ್ತ್ರ, ಅದರೊಡನೆ ಎಸ್‌ಕ್ಯೂಎಲ್, ಬಳಿಕ ಉಚಿತವಾದ ಒಂದು ಭಾಷೆ, ಉದ್ಯೋಗದ ಕ್ಷೇತ್ರ ನಿಶ್ಚಯವಾದ ಮೇಲೆ ಸಾಸ್: ಈ ಕ್ರಮದಲ್ಲಿ ಕಲಿತವರು ಮಾಲೀಕರು ಬದಲಾದರೂ ಪರವಾನಗಿ ಮುಗಿದರೂ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಸಂಘ ಸಂಸ್ಥೆಗಳು ಬೇಸಿಗೆ ರಜೆಯಲ್ಲಿ ನಡೆಸುವ ಮಾರ್ಗದರ್ಶನ ಶಿಬಿರಗಳಲ್ಲಿ ಈ ವಿಷಯಕ್ಕೂ ಒಂದು ದಿನ ಮೀಸಲಿಟ್ಟು, ಕ್ಷೇತ್ರದಲ್ಲಿ ದುಡಿಯುತ್ತಿರುವ ನಮ್ಮವರನ್ನೇ ಕರೆಸಿ ಮಾತನಾಡಿಸಿದರೆ ಹಲವು ಮನೆಗಳಿಗೆ ಪ್ರಯೋಜನವಾದೀತು.